ಶೆವರ್ಲೆ ಅಂದ್ರ ಯಾರ ಅಡ್ಡಹೆಸರ್ರಿ ಸರ?

ಮೊನ್ನೆ ಶನಿವಾರ ಬೆಳಗಿನ ಶಾಲೆ. ಶನಿವಾರ ನಮ್ಮಲ್ಲಿ ಸಮವಸ್ತ್ರದ ಕಟ್ಟುನಿಟ್ಟು ಸ್ವಲ್ಪ ಸಡಿಲ. ಏಳನೆಯ ತರಗತಿಯ ಹುಡುಗನೊಬ್ಬ ಕೆಂಪು ಜೆರ್ಸಿ ಹಾಕಿಕೊಂಡು ಬಂದಿದ್ದ. ಅಣ್ಣನದು, ತೊಳೆದು ತೊಳೆದು ಬಣ್ಣ ಮಾಸಿದ್ದು, ಮೊಣಕಾಲಿನ ತನಕ ಇಳಿಬಿದ್ದಿತ್ತು. ಗಡಹಿಂಗ್ಲಜ ಕಡೆಯ ಫುಟ್‌ಬಾಲ್ ಹುಚ್ಚು ಗೊತ್ತಿದ್ದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಕೊಲ್ಹಾಪುರದಲ್ಲಿ ಪೇಟೆಗೊಂದು ತಂಡ ಇದ್ದ ಹಾಗೆ ನಮ್ಮಲ್ಲಿ ಓಣಿಗೊಂದು ಚೆಂಡು ಇದೆ.

ಜೆರ್ಸಿಯ ಎದೆಯ ಮೇಲೆ ಬಂಗಾರ ಬಣ್ಣದ ಒಂದು ಗುರುತು, ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಹೆಸರು. ಸುಮ್ಮನೆ ಕೇಳಿದೆ.

"ಇದು ಏನೋ?"

"ಮ್ಯಾಂಚೆಸ್ಟರ್ ಯುನೈಟೆಡ್ ರೀ ಸರ."

"ಅದು ಗೊತ್ತಾತು. ಎದಿ ಮ್ಯಾಲ ಏನ್ ಬರದೈತಿ, ಓದು."

ಕಷ್ಟಪಟ್ಟು ಅಕ್ಷರ ಕೂಡಿಸಿ "ಚೆವ್ರೊಲೆಟ್" ಅಂದ. ಹಾಗೆಂದರೆ ಏನು ಅಂತ ಕೇಳಿದರೆ ಸ್ವಲ್ಪ ಯೋಚನೆ ಮಾಡಿ ಹೇಳಿದ, "ಅವರ ಅಡ್ಡಹೆಸರ ಇರಬೇಕ್ರಿ ಸರ."

ಇಡೀ ತರಗತಿ ನಕ್ಕಿತು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, "ಮ್ಯಾಂಚೆಸ್ಟರ್ ಅಂದ್ರ ಇಚಲಕರಂಜಿ ಅಲ್ಲೇನ್ರಿ ಸರ? ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಅಂತ ನೀವ ಹೇಳೀರಿ" ಅಂತ ಇನ್ನೊಂದು ಬಾಂಬು ಹಾಕಿದಳು. ಮಗ್ಗದ ಊರು ಬೇರೆ, ಚೆಂಡಿನ ಊರು ಬೇರೆ ಅಂತ ತಿಳಿಸಿ ಹೇಳುವಷ್ಟರಲ್ಲಿ ಗಂಟೆ ಬಾರಿಸಿತು.

ನಗು ಬಂತು ನಿಜ. ಆದರೆ ಮನೆಗೆ ಬರುವಾಗ ದಾರಿಯಲ್ಲಿ ತಲೆಯೊಳಗೆ ಹುಳ ಬಿಟ್ಟಂತಾಯಿತು. ಈ ಹುಡುಗರ ಅಪ್ಪ ಅಮ್ಮಂದಿರ ಮದುವೆ ದಿಬ್ಬಣಗಳು ಹೋದದ್ದು ಅದೇ ಕಂಪನಿಯ ಗಾಡಿಯಲ್ಲಿ. ಸವದತ್ತಿ ಎಲ್ಲಮ್ಮನ ಜಾತ್ರೆಗೆ, ಜೋತಿಬಾನ ಗುಡ್ಡಕ್ಕೆ, ಕೊಲ್ಹಾಪುರದ ದವಾಖಾನೆಗೆ ಅದೇ ಗಾಡಿ. ಹತ್ತೇ ವರ್ಷದಲ್ಲಿ ಹೆಸರು ಹೀಗೆ ಅಳಿಸಿ ಹೋಗುವುದೆಂದರೆ ಏನು? ಅಮೆರಿಕದ ಅಷ್ಟು ದೊಡ್ಡ ಕಂಪನಿ, ಪುಣೆಯ ಹತ್ತಿರ ತಳೇಗಾಂವದಲ್ಲಿ ಅಷ್ಟು ದೊಡ್ಡ ಕಾರ್ಖಾನೆ ಕಟ್ಟಿದ ಕಂಪನಿ, ನಮ್ಮ ಮಕ್ಕಳಿಗೆ ಯಾರದೋ ಅಡ್ಡಹೆಸರಾಗಿ ಉಳಿಯಿತಲ್ಲ!

ನಾನು ಕಾರಿನ ಪಂಡಿತನಲ್ಲ. ನನ್ನ ಹತ್ತಿರ ಇರುವುದು ಒಂದು ಹಳೆಯ ದ್ವಿಚಕ್ರಿ. ಆದರೂ ಈ ವಿಷಯದ ಬಗ್ಗೆ ನನಗೊಂದು ಅಭಿಪ್ರಾಯ ಇದೆ. ಕೇಳಿ, ಒಪ್ಪದಿದ್ದರೆ ಜಗಳಾಡಿ.

ಮೊದಲು ಟವೇರಾದ ಮಾತು. 2004ರಲ್ಲಿ ಇದು ಬಂತು. ಗಡಿ ಭಾಗದ ರಸ್ತೆ ಬಲ್ಲವರಿಗೆ 'ವಡಾಪ' ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಎಸ್‌ಟಿ ಬಸ್ಸು ತಪ್ಪಿದವರು, ಬಸ್ಸೇ ಇಲ್ಲದ ಹಳ್ಳಿಯವರು ಸೀಟಿನ ಲೆಕ್ಕದಲ್ಲಿ ಹತ್ತುವ ಗಾಡಿ. ಜೀಪು, ಟ್ರ್ಯಾಕ್ಸ್ ಇದ್ದ ಆ ಜಗತ್ತಿಗೆ ಟವೇರಾ ಬಂದಾಗ ಅದೊಂದು ಮೆಟ್ಟಿಲು ಮೇಲೆ ಹತ್ತಿದ ಹಾಗೆ ಆಯಿತು. ಹತ್ತು ಮಂದಿ ಕೂಡಬಹುದು, ಹಿಂದೆ ಗಟ್ಟಿ ಪಾಟಾ, ನೋಡಲು ಕಾರಿನಂತೆ, ದುಡಿಯಲು ಎತ್ತಿನಂತೆ. ಸಂಕೇಶ್ವರ-ಗಡಹಿಂಗ್ಲಜ-ಆಜರಾ ದಾರಿಯಲ್ಲಿ ಬಾಡಿಗೆ ಗಾಡಿ ಅಂದರೆ ಟವೇರಾ ಅನ್ನುವಷ್ಟು ಅದು ಬಳಕೆಯಾಯಿತು.

ನಮ್ಮೂರಿನ ಒಬ್ಬ ಕಾಕಾ ಎಷ್ಟೋ ವರ್ಷ ಟವೇರಾ ಓಡಿಸಿದವರು. ಹುಡುಗನ ಜೆರ್ಸಿ ಕತೆ ಹೇಳಿ ಅವರನ್ನು ಕೇಳಿದೆ, "ಕಾಕಾ, ಶೆವರ್ಲೆ ಗಾಡಿ ಹೆಂಗಿತ್ರಿ?"

"ಯಾವ ಗಾಡಿ?" ಅಂದರು.

"ಟವೇರಾ ರೀ."

"ಹಾಂ, ಹಂಗ ಹೇಳ್ರಿ ಗುರುಗಳ! ಟವೇರಾ ಅಂದ್ರ ಬಂಗಾರದಂಥಾ ಗಾಡಿ. ಎಂಜಿನ್ ಜಪಾನಿಂದು. ಕಂಪನಿ ಯಾವದರೆ ಇರವಲ್ಲದ್ಯಾಕ."

ನನ್ನ ಇಡೀ ಲೇಖನ ಕಾಕಾ ಒಂದೇ ಮಾತಿನಲ್ಲಿ ಹೇಳಿ ಮುಗಿಸಿಬಿಟ್ಟರು. ಗಾಡಿಗೆ ಹೆಸರಿತ್ತು, ಎಂಜಿನ್ನಿಗೆ ಊರಿತ್ತು, ಕಂಪನಿ ಮಾತ್ರ ಯಾವುದಾದರೂ ಆಗಬಹುದಿತ್ತು. ಮಾರುತಿ ಅಂದರೆ ಮಾರುತಿ. ಮಹಿಂದ್ರಾ ಅಂದರೆ ಜೀಪು. ಶೆವರ್ಲೆ ಅಂದರೆ?

ಕಾಕಾ ಹೇಳಿದ್ದರಲ್ಲಿ ತಪ್ಪಿಲ್ಲ. ಟವೇರಾದ ಮೂಲ ಇಸುಜು ಎಂಬ ಜಪಾನಿ ಕಂಪನಿಯ ಪ್ಯಾಂಥರ್ ಗಾಡಿ. ಅಮೆರಿಕದ ಹೆಸರು ಮುಂಭಾಗದಲ್ಲಿ ಹಚ್ಚಿದ್ದಷ್ಟೇ.

ಈಗ ಸ್ವಲ್ಪ ಹಿಂದೆ ಹೋಗೋಣ. ಶೆವರ್ಲೆ ಈ ನಾಡಿಗೆ ಹೊಸದಾಗಿ ಬಂದದ್ದಲ್ಲ. ಅದರ ಮಾತೃಸಂಸ್ಥೆ ಜನರಲ್ ಮೋಟರ್ಸ್ 1928ರಲ್ಲೇ ಮುಂಬಯಿಯ ಶಿವಡಿಯಲ್ಲಿ ಗಾಡಿ ಜೋಡಿಸುವ ಕಾರ್ಖಾನೆ ತೆರೆದಿತ್ತು. ಶೆವರ್ಲೆ ಕಾರು, ಲಾರಿ, ಬಸ್ಸುಗಳು ಅಲ್ಲಿಂದ ಹೊರಬಂದವು. 1948ರಲ್ಲಿ ಮುಂಬಯಿ ಪ್ರಾಂತದ ಸರ್ಕಾರಿ ಬಸ್ಸು, ಅಂದರೆ ಇಂದಿನ ನಮ್ಮ ಎಸ್‌ಟಿ, ಶುರುವಾದಾಗ ಬೆಡ್‌ಫೋರ್ಡ್, ಸ್ಟುಡಿಬೇಕರ್, ಲೇಲ್ಯಾಂಡ್‌ಗಳ ಜೊತೆ ಶೆವರ್ಲೆ ಬಸ್ಸುಗಳೂ ಇದ್ದವು. ಆಮೇಲೆ ಸ್ವದೇಶಿ ತಯಾರಿಕೆಯ ನಿಯಮಗಳು ಬಿಗಿಯಾದವು, 1950ರ ದಶಕದ ನಡುವೆ ಕಂಪನಿ ಅಂಗಡಿ ಮುಚ್ಚಿ ಹೋಯಿತು. ಅದು ಆ ಕಾಲದ ಕತೆ, ಅದಕ್ಕೆ ಯಾರನ್ನೂ ದೂರುವಂತಿಲ್ಲ.

1990ರ ದಶಕದಲ್ಲಿ ಬಾಗಿಲು ಮತ್ತೆ ತೆರೆಯಿತು. ಜನರಲ್ ಮೋಟರ್ಸ್ ತಿರುಗಿ ಬಂತು, ಆದರೆ ಶೆವರ್ಲೆ ಹೆಸರಿನಲ್ಲಿ ಅಲ್ಲ! ತನ್ನ ಜರ್ಮನ್ ಹೆಸರು ಒಪೆಲ್ ಹಿಡಿದುಕೊಂಡು. ಗುಜರಾತಿನ ಹಾಲೋಲದಲ್ಲಿ 1996ರಿಂದ ಒಪೆಲ್ ಆಸ್ಟ್ರಾ, 2000ದಿಂದ ಒಪೆಲ್ ಕೋರ್ಸಾ. ಗಟ್ಟಿಮುಟ್ಟಾದ ಜರ್ಮನ್ ಗಾಡಿ ಅಂತ ಜನರ ಮನಸ್ಸಿನಲ್ಲಿ ಸ್ವಲ್ಪ ಕೂಡುವಷ್ಟರಲ್ಲಿ 2003ರಲ್ಲಿ ಹೊಸ ಫಲಕ ಬಂತು, ಶೆವರ್ಲೆ. 2006ಕ್ಕೆ ಒಪೆಲ್ ಇಲ್ಲಿಂದ ಮಾಯ. ಏಳು ವರ್ಷ ದುಡ್ಡು ಸುರಿದು ಕಲಿಸಿದ ಹೆಸರನ್ನು ಅವರೇ ಅಳಿಸಿದರು.

ಸರಿ, ಹೊಸ ಹೆಸರಿನಲ್ಲಿ ಬಂದದ್ದೇನು? ಒಂದು ಪಟ್ಟಿ ಮಾಡಿ ನೋಡಿದೆ. ಹಾಜರಿ ಪುಸ್ತಕ ಬರೆಯುವ ಅಭ್ಯಾಸ, ಏನು ಮಾಡುವುದು!

ಆಪ್ಟ್ರಾ: ಕೊರಿಯದ ಡೇವೂ ಕಂಪನಿಯ ಲಸೆಟ್ಟಿ.
ಫಾರೆಸ್ಟರ್: ಜಪಾನಿನ ಸುಬಾರು.
ಟವೇರಾ: ಜಪಾನಿನ ಇಸುಜು.
ಏವಿಯೋ: ಮತ್ತೆ ಡೇವೂ.
ಸ್ಪಾರ್ಕ್: ಡೇವೂ ಮ್ಯಾಟಿಜ್‌ನ ಮುಂದಿನ ಅವತಾರ.
ಸೇಲ್, ಎಂಜಾಯ್: ಚೀನಾದಲ್ಲಿ ಎಸ್‌ಎಐಸಿ ಕಂಪನಿಯ ಪಾಲುದಾರಿಕೆಯಲ್ಲಿ ಹುಟ್ಟಿದವು.

ಮ್ಯಾಟಿಜ್ ನೆನಪಿದೆಯಲ್ಲ? ಡೇವೂ ಹೆಸರಿನಲ್ಲೇ 1998ರಿಂದ ಇಲ್ಲಿ ಮಾರಾಟವಾಗಿ, ಕಂಪನಿ ಮುಳುಗಿದ ಮೇಲೆ ನಿಂತುಹೋದ ಪುಟ್ಟ ಕಾರು. ಅದರ ತಮ್ಮ 2007ರಲ್ಲಿ ಅಮೆರಿಕದ ಅಂಗಿ ತೊಟ್ಟು ಬಂದ. ಗಾಡಿಗಳು ಕೆಟ್ಟವಾಗಿದ್ದವು ಅಂತ ನಾನು ಹೇಳುತ್ತಿಲ್ಲ. ಸ್ಪಾರ್ಕ್, 2010ರ ಬೀಟ್, ಕ್ರೂಜ್ ಇವೆಲ್ಲ ಮೆಚ್ಚಿಸಿಕೊಂಡ ಗಾಡಿಗಳೇ. 2010, 2011ರಲ್ಲಿ ವರ್ಷಕ್ಕೆ ಸುಮಾರು 1.1 ಲಕ್ಷ ಶೆವರ್ಲೆಗಳು ಈ ದೇಶದಲ್ಲಿ ಮಾರಾಟವಾದವು. ಆದರೆ ಒಂದು ಮಾತು ಯೋಚಿಸಿ. ಒಂದು ಗಾಡಿ ಚೆನ್ನಾಗಿತ್ತು ಅಂತ ಅದೇ ಕಂಪನಿಯ ಇನ್ನೊಂದಕ್ಕೆ ಹೋಗುವ ಗಿರಾಕಿಗೆ ಏನು ಸಿಗುತ್ತಿತ್ತು? ಟವೇರಾ ನಂಬಿದವನಿಗೆ ಮುಂದೆ ಎಂಜಾಯ್ ಸಿಕ್ಕಿತು. ಎಂಜಿನ್, ದೇಹ, ಸ್ವಭಾವ ಎಲ್ಲ ಬೇರೆ. ಅಣ್ಣನನ್ನು ನಂಬಿ ತಮ್ಮನಿಗೆ ಸಾಲ ಕೊಟ್ಟರೆ, ಅವನು ತಮ್ಮನೇ ಅಲ್ಲ ಅಂತ ಆಮೇಲೆ ಗೊತ್ತಾದ ಹಾಗೆ.

ಇದು ಬರೀ ಇಲ್ಲಿಯ ಕತೆ ಅಂದುಕೊಳ್ಳಬೇಡಿ. ಈ ರೋಗ ತಾಯಿಯ ಮನೆಯಲ್ಲೇ ಇತ್ತು.

1920ರ ದಶಕದಲ್ಲಿ ಜನರಲ್ ಮೋಟರ್ಸ್ ನಡೆಸಿದ ಆಲ್‌ಫ್ರೆಡ್ ಸ್ಲೋನ್ ಒಂದು ಮೆಟ್ಟಿಲ ಸಾಲು ಕಟ್ಟಿದ್ದರು. ಕೆಳಗಿನ ಮೆಟ್ಟಿಲು ಶೆವರ್ಲೆ, ಅದರ ಮೇಲೆ ಪಾಂಟಿಯಾಕ್, ಆಮೇಲೆ ಓಲ್ಡ್ಸ್‌ಮೊಬೀಲ್, ಬ್ಯೂಕ್, ತುದಿಯಲ್ಲಿ ಕ್ಯಾಡಿಲಾಕ್. ಕೈಯಲ್ಲಿ ನಾಲ್ಕು ಕಾಸು ಹೆಚ್ಚಾದಂತೆ ಮನುಷ್ಯ ಒಂದೊಂದೇ ಮೆಟ್ಟಿಲು ಹತ್ತಬೇಕು. ಪ್ರತಿ ಹೆಸರಿಗೂ ಅದರದೇ ಎಂಜಿನ್, ಅದರದೇ ನಡೆ, ಅದರದೇ ಮರ್ಯಾದೆ. ಓಣಿಯಲ್ಲಿ ಯಾವ ಗಾಡಿ ನಿಂತಿದೆ ಅಂತ ನೋಡಿ ಮನೆಯವರ ಸ್ಥಿತಿ ಹೇಳಬಹುದಿತ್ತು. ನಮ್ಮಲ್ಲಿ ಮನೆ ಮುಂದಿನ ಜೋಡೆತ್ತು ನೋಡಿ ಹೆಣ್ಣು ಕೊಡುತ್ತಿದ್ದ ಹಾಗೆ.

ಆಮೇಲೆ ಖರ್ಚು ಉಳಿಸುವ ಲೆಕ್ಕಾಚಾರ ಬಂತು. ಒಂದೇ ಅಚ್ಚಿನಲ್ಲಿ ಎಲ್ಲ ಗಾಡಿ ಮಾಡೋಣ, ಮುಂದಿನ ಜಾಳಿಗೆ, ಹಿಂದಿನ ದೀಪ ಮಾತ್ರ ಬದಲಿಸೋಣ. 1977ರಲ್ಲಿ ಒಂದು ಹಗರಣವೇ ಆಯಿತು. ಓಲ್ಡ್ಸ್‌ಮೊಬೀಲ್ ಕೊಂಡವರು ಮುಂಭಾಗ ತೆರೆದು ನೋಡಿದರೆ ಒಳಗೆ ಶೆವರ್ಲೆ ಎಂಜಿನ್! ಗಿರಾಕಿಗಳು ಕೋರ್ಟಿಗೆ ಹೋದರು. ಶೆವರ್ಲೆ ಎಂಜಿನ್ ಕೆಟ್ಟದ್ದು ಅಂತಲ್ಲ, ನಾವು ದುಡ್ಡು ಕೊಟ್ಟ ಹೆಸರು ಒಳಗೆ ಇಲ್ಲವಲ್ಲ ಅಂತ ಸಿಟ್ಟು. 1983ರಲ್ಲಿ ಅಮೆರಿಕದ ಫಾರ್ಚೂನ್ ಪತ್ರಿಕೆ ಇದೇ ಕಂಪನಿಯ ನಾಲ್ಕು ಹೆಸರಿನ ನಾಲ್ಕು ಕಾರುಗಳನ್ನು ಸಾಲಾಗಿ ನಿಲ್ಲಿಸಿ ಮುಖಪುಟಕ್ಕೆ ಹಾಕಿತು. ಅವಳಿ ಜವಳಿಗಳ ಹಾಗೆ ಕಂಡವು.

ಓಲ್ಡ್ಸ್‌ಮೊಬೀಲ್ ಅಂದರೆ 1897ರಲ್ಲಿ ಹುಟ್ಟಿದ ಹೆಸರು. 1980ರ ದಶಕದ ನಡುವೆ ಕೂಡ ವರ್ಷಕ್ಕೆ ಹತ್ತು ಲಕ್ಷ ಮಾರಾಟವಾಗುತ್ತಿತ್ತು. ಮುಂದೆ ಇಳಿತ ಶುರುವಾದಾಗ, 1988ರಲ್ಲಿ, ಇದು ನಿಮ್ಮಪ್ಪನ ಕಾಲದ ಗಾಡಿ ಅಲ್ಲ ಅನ್ನುವ ಅರ್ಥದ ಜಾಹೀರಾತು ಮಾಡಿದರು. ಅಪ್ಪನಿಗೆ ಅವಮಾನವಾಯಿತು, ಮಗ ಬರಲಿಲ್ಲ. 2004ರ ಏಪ್ರಿಲಿನಲ್ಲಿ ಕೊನೆಯ ಓಲ್ಡ್ಸ್‌ಮೊಬೀಲ್ ಹೊರಬಂತು. ಪಾಂಟಿಯಾಕ್‌ನದೂ ಇದೇ ದಾರಿ. 1964ರಲ್ಲಿ ಜಿಟಿಓ ಎಂಬ ಗಾಡಿಯಿಂದ ಹುಡುಗರ ಎದೆ ನಡುಗಿಸಿದ್ದ ಹೆಸರು. 2009ರಲ್ಲಿ ಕಂಪನಿ ದಿವಾಳಿಯಾಗುವ ಹೊತ್ತಿಗೆ ಅದನ್ನು ಮುಚ್ಚುವುದಾಗಿ ಸಾರಿದರು. ಶೆವರ್ಲೆ ಮಾತ್ರ ತನ್ನ ಊರಿನಲ್ಲಿ ಉಳಿಯಿತು, ಇಂದಿಗೂ ಚೆನ್ನಾಗಿಯೇ ಇದೆ. ನಮ್ಮೂರಿನಲ್ಲಿ ಉಳಿಯಲಿಲ್ಲ.

ಇಲ್ಲಿ ಒಬ್ಬ ಗೆಳೆಯ ತಕರಾರು ತೆಗೆದ. "ಒಬ್ಬರ ಮಾಲಿಗೆ ಇನ್ನೊಬ್ಬರ ಹೆಸರು ಹಚ್ಚುವುದು ತಪ್ಪಾದರೆ, ಟೊಯೋಟಾ ಗ್ಲಾನ್ಜಾ ಯಾಕೆ ಓಡುತ್ತಿದೆ? ಅದು ಮಾರುತಿ ಬಲೆನೋ ಅಂತ ಎಲ್ಲರಿಗೂ ಗೊತ್ತಲ್ಲ?" ಅಂದ.

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ನನಗೆ ಕಾರಿನ ಅಂಗಡಿಯಲ್ಲಿ ಸಿಗಲಿಲ್ಲ, ಚಪ್ಪಲಿ ಅಂಗಡಿಯಲ್ಲಿ ಸಿಕ್ಕಿತು.

ಕೊಲ್ಹಾಪುರಿ ಚಪ್ಪಲಿ ಜಗತ್ತಿಗೆಲ್ಲ ಗೊತ್ತು. ಆದರೆ ಅದನ್ನು ಹೊಲಿಯುವ ಕೈಗಳಲ್ಲಿ ಅಥಣಿಯವು, ನಿಪ್ಪಾಣಿಯವು ಎಷ್ಟಿವೆ! ಹೆಸರು ಆ ಕಡೆಯದು, ಹೊಲಿಗೆ ಈ ಕಡೆಯದು. 2019ರಲ್ಲಿ ಭೌಗೋಳಿಕ ಗುರುತು ಕೊಟ್ಟಾಗ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗೆ ಕೂಡಿಯೇ ಕೊಟ್ಟರು. ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಗಡಿ ಜಗಳದಲ್ಲಿ ಕಾಣದ ಒಗ್ಗಟ್ಟು ಚಪ್ಪಲಿಯಲ್ಲಿ ಕಂಡಿತು ಅಂತ ಆಗ ನಾವು ನಕ್ಕಿದ್ದೆವು. ಅದಕ್ಕೆ ಯಾರೂ ಮೋಸ ಅನ್ನಲಿಲ್ಲ. ಯಾಕೆಂದರೆ ಯಾವ ಊರಿನಲ್ಲಿ ಕೂತು ಮಾಡಿದರೂ ಚರ್ಮ ಹದ ಮಾಡುವ ಬಗೆ, ಕೈಹೊಲಿಗೆ, ಮೊದಲು ಕಚ್ಚಿ ಆಮೇಲೆ ಕಾಲಿಗೆ ಒಗ್ಗುವ ಗುಣ ಎಲ್ಲ ಒಂದೇ. ಹೆಸರು ಒಂದು, ಕಸುಬು ಒಂದು. ಕೊಂಡವನಿಗೆ ಸಿಗುವುದು ಅವನು ಕೇಳಿದ್ದೇ.

ಗ್ಲಾನ್ಜಾ ಕೊಳ್ಳುವವನೂ ಅಷ್ಟೆ. ಒಳಗೆ ಮಾರುತಿ ಇದೆ ಅಂತ ಗೊತ್ತಿದ್ದೇ ಕೊಳ್ಳುತ್ತಾನೆ. ಅವನು ದುಡ್ಡು ಕೊಡುವುದು ಟೊಯೋಟಾದ ಸರ್ವಿಸಿಗೆ, ನಾಳೆಯೂ ಇವರು ಇಲ್ಲೇ ಇರುತ್ತಾರೆ ಅನ್ನುವ ಭರವಸೆಗೆ. ಹಾಗಾದರೆ ಗುರುತು ಅಂದರೆ ಲೋಹದ ತುಂಡಲ್ಲ, ಕೊಟ್ಟ ಮಾತು. ಮಾತು ಒಂದೇ ಇದ್ದರೆ ಮಾಲು ಎಲ್ಲಿಂದ ಬಂದರೂ ನಡೆಯುತ್ತದೆ. ಶೆವರ್ಲೆಯಲ್ಲಿ ಹೆಸರು ಒಂದು, ಕಸುಬು ಮೂರು ದೇಶದ್ದು. ಅವನ್ನೆಲ್ಲ ಕಟ್ಟಿ ಹಿಡಿಯುವ ಮಾತಾದರೂ ಗಟ್ಟಿ ಇತ್ತೇ? ಅದನ್ನೇ ನೋಡೋಣ.

2013ರ ಜುಲೈನಲ್ಲಿ ಕಂಪನಿ 1.14 ಲಕ್ಷ ಟವೇರಾಗಳನ್ನು ದುರಸ್ತಿಗೆ ವಾಪಸ್ ಕರೆಯಿತು. 2005ರಿಂದ 2013ರ ತನಕ ತಯಾರಾದವು. ಕಾರಣ ಬ್ರೇಕ್ ಅಲ್ಲ, ಸ್ಟೀರಿಂಗ್ ಅಲ್ಲ. ಹೊಗೆ ತಪಾಸಣೆಗೆ ಕಳಿಸುವಾಗ ಕಡಿಮೆ ಹೊಗೆಯ ಎಂಜಿನ್‌ಗಳನ್ನು ಬೇರೆ ಆರಿಸಿಟ್ಟು ಅವನ್ನೇ ಜೋಡಿಸಿ ತೋರಿಸಿದ್ದರಂತೆ ಸಿಬ್ಬಂದಿ. ಹೀಗಂತ ಬೇರೆ ಯಾರೋ ಹೇಳಿದ್ದಲ್ಲ, ಕಂಪನಿಯೇ ಸರ್ಕಾರಕ್ಕೆ ಒಪ್ಪಿಕೊಂಡದ್ದು. ಹಲವರನ್ನು ಕೆಲಸದಿಂದ ತೆಗೆಯಿತು. ಪರೀಕ್ಷೆ ಮೇಲ್ವಿಚಾರಣೆ ಮಾಡುವ ಮೇಷ್ಟ್ರಿಗೆ ಇದು ಬೇಗ ಅರ್ಥವಾಗುತ್ತದೆ. ಇನ್ಸ್‌ಪೆಕ್ಟರ್ ಬಂದ ದಿನ ಜಾಣ ಹುಡುಗರನ್ನೇ ಮುಂದಿನ ಬೆಂಚಿನಲ್ಲಿ ಕೂಡಿಸಿದ ಹಾಗೆ!

ಎರಡು ವರ್ಷ ಕಳೆಯಿತು. 2015ರ ಜುಲೈನಲ್ಲಿ ಕಂಪನಿಯ ಮುಖ್ಯಸ್ಥೆ ಮೇರಿ ಬಾರಾ ಭಾರತಕ್ಕೆ ಬಂದಿದ್ದರು. ನೂರು ಕೋಟಿ ಡಾಲರ್ ಹೂಡುತ್ತೇವೆ, ಇಲ್ಲೇ ತಯಾರಾದ ಐದು ಹೊಸ ಗಾಡಿ ತರುತ್ತೇವೆ ಅಂತ ಘೋಷಣೆ ಆಯಿತು. 2016ರಲ್ಲಿ ಆ ಹೂಡಿಕೆಗೆ ತಡೆ. 2017ರ ಮೇ 18ರಂದು, ವರ್ಷದ ಕೊನೆಗೆ ಭಾರತದಲ್ಲಿ ಮಾರಾಟವನ್ನೇ ನಿಲ್ಲಿಸುತ್ತೇವೆ ಅಂತ ಇನ್ನೊಂದು ಘೋಷಣೆ. 2016-17ರಲ್ಲಿ ಮಾರಾಟ ಸುಮಾರು 25 ಸಾವಿರಕ್ಕೆ ಬಿದ್ದಿತ್ತು, ಮಾರುಕಟ್ಟೆಯಲ್ಲಿ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಸರ್ವಿಸ್, ಬಿಡಿಭಾಗ ಮುಂದುವರಿಸುತ್ತೇವೆ ಅಂತ ಕಂಪನಿ ಹೇಳಿತು ನಿಜ. ಆದರೆ ತಯಾರಕರು ಊರು ಬಿಟ್ಟ ಗಾಡಿಗೆ ಹಳೆ ಗಾಡಿ ಬಾಜಾರದಲ್ಲಿ ಏನು ಬೆಲೆ ಅಂತ ವ್ಯಾಪಾರ ಬಲ್ಲವರಿಗೆ ಹೇಳಬೇಕಾಗಿಲ್ಲ.

ಒಂದು ತಮಾಷೆ ನೋಡಿ. ಇದೇ ಕಂಪನಿ ಮ್ಯಾಂಚೆಸ್ಟರ್ ಯುನೈಟೆಡ್ ಅಂಗಿಯ ಮೇಲೆ ಹೆಸರು ಹಾಕಲು 2012ರಲ್ಲಿ ಒಪ್ಪಂದ ಮಾಡಿಕೊಂಡಿತು. 2014ರಿಂದ ಏಳು ವರ್ಷಕ್ಕೆ ಸುಮಾರು 56 ಕೋಟಿ ಡಾಲರ್! ಒಪ್ಪಂದ ಆಗಿ ಅಂಗಿಯ ಮೇಲೆ ಹೆಸರು ಬರುವ ಮೊದಲೇ, 2013ರ ಡಿಸೆಂಬರಿನಲ್ಲಿ, ಯುರೋಪಿನಲ್ಲಿ ಶೆವರ್ಲೆ ಮಾರಾಟ ನಿಲ್ಲಿಸುವುದಾಗಿ ಹೇಳಿತು. ಅಂದರೆ ಆ ತಂಡ ಆಡುವ ದೇಶದಲ್ಲೇ ಆ ಗಾಡಿ ಸಿಗದು. ಅಂಗಿ ಹಾಕಿಕೊಂಡ ನಮ್ಮ ಹುಡುಗನ ದೇಶದಲ್ಲೂ ಸಿಗದು. ಹೆಸರಿಗೆ ಹಿಡಿಯುವಷ್ಟು ದುಡ್ಡು, ಹೆಸರಿನ ಹಿಂದೆ ನಿಲ್ಲುವ ಗಾಡಿ ಇಲ್ಲ. ಪಾಪ ಹುಡುಗ ಅಡ್ಡಹೆಸರು ಅಂದುಕೊಂಡದ್ದರಲ್ಲಿ ಏನು ತಪ್ಪು?

ಇದರ ಎದುರು ನಮ್ಮ ಮೈಸೂರಿನ ಕತೆ ಇಟ್ಟು ನೋಡಿ. 1961ರಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನಲ್ಲಿ ಜಾವಾ ಮೋಟರ್‌ಸೈಕಲ್ ಮಾಡತೊಡಗಿತು. ಅದೂ ಪರದೇಶಿ ಮಾಲೇ, ಚೆಕೊಸ್ಲೊವಾಕಿಯಾದ್ದು. 1970ರ ದಶಕದಲ್ಲಿ ಹೆಸರು ಬದಲಾಗಿ ಯೆಜ್ಡಿ ಆಯಿತು. ಆದರೆ ಹೆಸರು ಬದಲಾದರೂ ಗಾಡಿಯ ಜೀವ ಅದೇ ಇತ್ತು. ಅದೇ ಡಬಲ್ ಸೈಲೆನ್ಸರ್, ಒಂದೇ ಕಡ್ಡಿಯಲ್ಲಿ ಕಿಕ್ಕೂ ಗೇರೂ, ಓಣಿಯ ಮೂಲೆಯಲ್ಲಿ ಕೇಳಿದರೆ ಯಾರ ಮನೆಗೆ ಯಾರು ಬಂದರು ಅಂತ ಗೊತ್ತಾಗುವ ಅದೇ ಸಪ್ಪಳ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿ ಸತ್ತಿತು, ಗುರುತು ಸಾಯಲಿಲ್ಲ. ಇಪ್ಪತ್ತು ವರ್ಷ ಕಳೆದ ಮೇಲೂ ಅದನ್ನು ಒರೆಸಿ ಉಜ್ಜಿ ಓಡಿಸುವವರು ಇದ್ದರು. ಅದಕ್ಕೇ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರನ್ನು ಹೊಸ ಕಂಪನಿ ಎತ್ತಿ ಮತ್ತೆ ನಿಲ್ಲಿಸಲು ಸಾಧ್ಯವಾಯಿತು. ಒಪೆಲ್ ಆಸ್ಟ್ರಾ ಮತ್ತೆ ಬರಲಿ ಅಂತ ನಮ್ಮಲ್ಲಿ ಯಾರಾದರೂ ಹಂಬಲಿಸಿದ್ದು ಕೇಳಿದ್ದೀರಾ?

ಇನ್ನೂ ಹತ್ತಿರದ ಕತೆ ಇದೆ, ಇಚಲಕರಂಜಿಯದು. ಅಲ್ಲಿಯ ಶಂಕರರಾವ್ ಕುಲಕರ್ಣಿ ಅವರು ದೊಡ್ಡ ಶಾಲೆ ಕಲಿತವರಲ್ಲ. 1940ರ ದಶಕದಲ್ಲೇ ಸಾಮಾನ್ಯ ಮನುಷ್ಯ ಕೊಳ್ಳುವಂಥ ಪುಟ್ಟ ಕಾರಿನ ಕನಸು ಕಂಡರು. ಒಂದರ ಮೇಲೊಂದು ಮಾದರಿ ಮಾಡಿದರು, 1970ರ ದಶಕದ ತನಕ ಬಿಡಲಿಲ್ಲ. ಅದರ ಹೆಸರು 'ಮೀರಾ'. ಎಂಜಿನ್ ಹಿಂದೆ, ಬೆಲೆ ಸುಮಾರು 12,000 ರೂಪಾಯಿ ಆಗಬೇಕೆಂದು ಲೆಕ್ಕ. ಮಾರುಕಟ್ಟೆಗೆ ಬರಲೇ ಇಲ್ಲ. ನ್ಯಾನೋ ಬಂದಾಗ ಈ ಭಾಗದ ಹಿರಿಯರು ಮೀರಾದ ಮಾತು ಮತ್ತೆ ತೆಗೆದರು. ವಿಚಿತ್ರ ನೋಡಿ. ಮೀರಾಗೆ ಗುರುತಿತ್ತು, ಕಾರ್ಖಾನೆ ಇರಲಿಲ್ಲ. ಶೆವರ್ಲೆಗೆ ಎರಡೆರಡು ಕಾರ್ಖಾನೆ ಇತ್ತು, ಗುರುತು ಇರಲಿಲ್ಲ. ಒಂದೂ ಮಾರಾಟವಾಗದ ಗಾಡಿಯ ಹೆಸರು ಇನ್ನೂ ಹೇಳುತ್ತೇವೆ.

ಹಾಗಂತ ಗುರುತು ಒಂದಿದ್ದರೆ ಸಾಕು ಅಂತ ನಾನು ವಾದಿಸುವುದಿಲ್ಲ. ಮೀರಾ ಬದುಕಲಿಲ್ಲ. ಯೆಜ್ಡಿ ಕಾರ್ಖಾನೆಯೂ ಮುಚ್ಚಿತು. ಫೋರ್ಡ್ ಕೂಡ 2021ರಲ್ಲಿ ಇಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು, ಅದಕ್ಕೆ ಗಟ್ಟಿ ಗಾಡಿ ಅನ್ನುವ ಹೆಸರಿದ್ದರೂ. ಮೈಲೇಜು, ಬೆಲೆ, ತಾಲೂಕಿಗೊಂದು ಸರ್ವಿಸ್ ಸೆಂಟರ್, ಇವೆಲ್ಲ ಬೇಕು. ಮಾರುತಿ ಗೆದ್ದದ್ದು ಅದರಿಂದಲೇ. ಆದರೆ ಗುರುತಿದ್ದವರಿಗೆ ಕೆಟ್ಟ ಕಾಲದಲ್ಲಿ ಜನ ಸ್ವಲ್ಪ ಕಾಯುತ್ತಾರೆ, ಒಂದು ತಪ್ಪು ಹೊಟ್ಟೆಗೆ ಹಾಕಿಕೊಳ್ಳುತ್ತಾರೆ. ಗುರುತಿಲ್ಲದವರಿಗೆ ಆ ಉದ್ರಿ ಸಿಗುವುದಿಲ್ಲ. ಅಷ್ಟೇ ನನ್ನ ಮಾತು.

ಈಗ ಆ ಕಾರ್ಖಾನೆಗಳು ಏನಾದವು? ಹಾಲೋಲದ್ದನ್ನು ಕೊಂಡದ್ದು ಅದೇ ಚೀನಾದ ಎಸ್‌ಎಐಸಿ, ಎಂಜಿ ಎಂಬ ಹಳೆಯ ಇಂಗ್ಲಿಷ್ ಹೆಸರಿನಲ್ಲಿ. 2019ರಲ್ಲಿ ಅಲ್ಲಿಂದ ಬಂದ ಎಂಜಿ ಹೆಕ್ಟರ್ ನೋಡಿದ್ದೀರಲ್ಲ, ಅದೇ ಗಾಡಿ ಬೇರೆ ಕೆಲವು ದೇಶಗಳಲ್ಲಿ ಶೆವರ್ಲೆ ಕ್ಯಾಪ್ಟಿವಾ! ತಳೇಗಾಂವದಲ್ಲಿ 2008ರಲ್ಲಿ ಶುರುವಾದ ಕಾರ್ಖಾನೆ 2020ರ ಡಿಸೆಂಬರ್ ತನಕ ಪರದೇಶಕ್ಕೆ ಕಳಿಸಲು ಗಾಡಿ ಮಾಡಿತು, ಆಮೇಲೆ ನಿಂತಿತು. ಚೀನಾದ ಗ್ರೇಟ್ ವಾಲ್ ಕಂಪನಿಗೆ ಮಾರುವ ಒಪ್ಪಂದ ಕೈಗೂಡಲಿಲ್ಲ. 2023ರಲ್ಲಿ ಹ್ಯುಂಡೈ ಕೊಳ್ಳುವ ಕರಾರು ಮಾಡಿಕೊಂಡಿತು. ಗೋಡೆ ಅದೇ, ಗೇಟು ಅದೇ, ಫಲಕ ಬೇರೆ. ಆ ಗೇಟಿನೊಳಗೆ ಹರೆಯ ಕಳೆದ ಕಾರ್ಮಿಕರ ಮನೆಗಳಲ್ಲಿ ಆ ನಡುವಿನ ವರ್ಷಗಳು ಹೇಗೆ ಹೋದವು ಅನ್ನುವುದು ಇಂಥ ಲೆಕ್ಕಗಳಲ್ಲಿ ಬರುವುದಿಲ್ಲ.

ನಮ್ಮ ಶಾಲೆಯ ಒಬ್ಬ ಹುಡುಗಿಯ ಅಪ್ಪ ಕೊಲ್ಹಾಪುರದ ಶಿರೋಲಿ ಕಡೆ ಒಂದು ಫೌಂಡ್ರಿಯಲ್ಲಿ ದುಡಿಯುತ್ತಾರೆ. ಶಿರೋಲಿ, ಗೋಕುಳ ಶಿರಗಾಂವ, ಕಾಗಲ್ ಕಡೆಯ ಫೌಂಡ್ರಿಗಳಲ್ಲಿ ವಾಹನ ಕಂಪನಿಗಳಿಗೆ ಬೇಕಾದ ಎರಕದ ಭಾಗಗಳು ತಯಾರಾಗುತ್ತವೆ. ಪಾಲಕರ ಸಭೆಗೆ ಬಂದಾಗ ಈ ವಿಷಯ ಬಂತು. ಅವರು ಹೇಳಿದ್ದು ಇದು:

"ಗುರುಗಳ, ನಮ್ಮ ಕಾಸ್ಟಿಂಗ್ ಮ್ಯಾಲ ಹೆಸರು, ನಂಬರು ಎಲ್ಲಾ ಅಚ್ಚಿನ್ಯಾಗ ಇರತೈತ್ರಿ. ಕಬ್ಬಣ ಹೊಯ್ದಾಗ ಅದರ ಸಂಗಾಟನ ಬರತೈತಿ. ಆಮ್ಯಾಲ ಅಂಟಿಸಿದ್ದು ಉಚ್ಚಿ ಬೀಳತೈತ್ರಿ."

ಇದಕ್ಕಿಂತ ಚೆನ್ನಾಗಿ ನಾನು ಏನು ಹೇಳಲಿ?

ಇಷ್ಟೆಲ್ಲ ಒಬ್ಬ ಮೇಷ್ಟ್ರಿಗೆ ಯಾಕೆ ಬೇಕು ಅಂತ ಕೇಳಬಹುದು. ಕಾರಣ ಇದೆ. ಅದೇ ಸಭೆಯಲ್ಲಿ ಇನ್ನೊಬ್ಬ ಪಾಲಕರು ಎದ್ದು ಕೇಳಿದರು, "ಸರ, ನೀವೂ ಬೋರ್ಡ್ ಬದಲಿ ಮಾಡ್ರಿ. ಸೆಮಿ ಇಂಗ್ಲಿಷ್ ಅಂತ ಹಾಕ್ರಿ. ಹುಡುಗೂರು ಬರತಾವ." ಗಡಿಯಾಚೆಯ ಕನ್ನಡ ಶಾಲೆಯಲ್ಲಿ ಪಟ ಸಂಖ್ಯೆ ವರ್ಷ ವರ್ಷ ಇಳಿಯುವಾಗ ಈ ಸಲಹೆ ಕೊಟ್ಟವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮಗುವಿನ ಭವಿಷ್ಯದ ಚಿಂತೆ ಅವರದು. ಬೋರ್ಡು ಬದಲಿಸುವುದು ಸುಲಭ. ಒಂದು ಡಬ್ಬಿ ಬಣ್ಣ, ಅರ್ಧ ದಿನದ ಕೂಲಿ. ಆದರೆ ಒಳಗೆ ಕೂತವರು ಅದೇ ನಾವು, ಇಂಗ್ಲಿಷ್ ಚೆನ್ನಾಗಿ ಕಲಿಸಲು ಬೇಕಾದ ತಯಾರಿ ಇಲ್ಲದವರು. ಬೋರ್ಡು ನೋಡಿ ಬಂದ ಮಗುವಿಗೆ ಎರಡು ವರ್ಷದ ಮೇಲೆ ಏನು ಉತ್ತರ ಕೊಡೋಣ?

ಅದಕ್ಕೆ ನಾನು ಅವರಿಗೆ ಹೇಳಿದ್ದು ಇಷ್ಟೆ. ಬೋರ್ಡು ಇದ್ದಂತೆ ಇರಲಿ. ಇಂಗ್ಲಿಷೂ ಮರಾಠಿಯೂ ನಮ್ಮ ಮಕ್ಕಳಿಗೆ ಬೇಕು, ಅದನ್ನು ಕನ್ನಡದ ಮೂಲಕವೇ ಗಟ್ಟಿಯಾಗಿ ಕಲಿಸುತ್ತೇವೆ. ಆರು ತಿಂಗಳು ಬಿಟ್ಟು ಬಂದು ನಿಮ್ಮ ಮಗನ ಕೈಯಲ್ಲಿ ಒಂದು ಪುಟ ಓದಿಸಿ ನೋಡಿರಿ. ಓದದಿದ್ದರೆ ದಾಖಲೆ ತೆಗೆದುಕೊಂಡು ಹೋಗಿರಿ, ನಾನೇ ಸಹಿ ಹಾಕಿ ಕೊಡುತ್ತೇನೆ. ಅವರು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲೂ ಇಲ್ಲ. ಈಗ ನನ್ನ ಕೊರಳಿಗೂ ಒಂದು ಮಾತು ಬಿದ್ದಿದೆ. ಆರು ತಿಂಗಳ ಗಡುವು.

ಸೋಮವಾರ ತರಗತಿಯಲ್ಲಿ ಜೆರ್ಸಿ ಹುಡುಗನಿಗೆ ಕತೆ ಪೂರ್ತಿ ಹೇಳಿದೆ. ಕೊನೆಗೆ ಅವನು ಕೇಳಿದ, "ಅಂದ್ರ ನಮ್ಮಪ್ಪನ ಲಗ್ನದ ಫೋಟೋದಾಗ ಐತಲ್ರಿ ಬಿಳಿ ಗಾಡಿ, ಅದು ಇದ ಏನ್ರಿ?"

"ಹೌದಪ್ಪ, ಇದ."

ಎದೆಯ ಮೇಲಿನ ಗುರುತನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಪ್ಲಾಸ್ಟಿಕ್ ಅಚ್ಚು, ಒಂದು ಮೂಲೆಯಲ್ಲಿ ಆಗಲೇ ಸುಲಿಯುತ್ತಿತ್ತು.

ನಿಮ್ಮೂರಿನಲ್ಲಿ ಇನ್ನೂ ಟವೇರಾ ಓಡುತ್ತಿದ್ದರೆ ಅದರ ಡ್ರೈವರನ್ನು ಒಮ್ಮೆ ಕೇಳಿ ನೋಡಿ, ಕಂಪನಿ ಯಾವುದು ಅಂತ. ಏನು ಹೇಳಿದರು ಅಂತ ನನಗೂ ತಿಳಿಸಿ.